ಕರಿಬೇವಿನ ಹುಳಕ್ಕೆ ಔಷಧಿ ಹೊಡೆಯಬೇಡಿ

ಅಕ್ಕ, ನಿಮ್ಮದು ಎರಡು ಪ್ರಶ್ನೆ. ಗುಲಾಬಿ, ಪೆಟೂನಿಯಾ, ಚೆಂಡುಹೂವು ಎಲ್ಲಾ ಹಾಕಿದ್ದರೂ ಚಿಟ್ಟೆ ಬಂದು ಹಾಗೇ ಹೋಗುತ್ತವೆ, ಯಾಕೆ ಅಂತ ಒಂದು. ಕರಿಬೇವಿನ ಗಿಡವನ್ನು ಹುಳ ಬೋಳು ಮಾಡುತ್ತಿದೆ, ಏನು ಹೊಡೆಯಲಿ ಅಂತ ಇನ್ನೊಂದು. ಫೋಟೋ ದೊಡ್ಡದು ಮಾಡಿ ನೋಡಿದೆ. ಆ ಹುಳವೇ ನಿಮ್ಮ ಚಿಟ್ಟೆ! ಏನೂ ಹೊಡೆಯಬೇಡಿ.

ಎಲೆ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಂದು-ಬಿಳಿ ಕಾಣುತ್ತಿದೆಯಲ್ಲ, ಅದು ಮಾರ್ಮನ್ ಅನ್ನುವ ಕಪ್ಪು ಚಿಟ್ಟೆಯದು, ಇಲ್ಲವೇ ನಿಂಬೆ ಚಿಟ್ಟೆಯದು. ಚಿಕ್ಕದರಲ್ಲಿ ಎರಡೂ ಒಂದೇ ಥರ ಇರುತ್ತವೆ. ದೊಡ್ಡದಾದ ಮೇಲೆ ಪೂರ್ತಿ ಹಸಿರು. ಆಗ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ತಲೆಯ ಹಿಂದಿನಿಂದ ಕವೆಯಂಥ ಕೊಂಬು ಛಕ್ಕನೆ ಈಚೆ ಬರುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ. ಅಷ್ಟೇ, ಕಚ್ಚುವುದಿಲ್ಲ.

ಮನೆಯಲ್ಲಿ ರೇಷ್ಮೆ ಸಾಕುತ್ತೀರಿ, ಶಿಡ್ಲಘಟ್ಟದ ಹತ್ತಿರ ಅಂದಿದ್ದೀರಿ. ಹಾಗಾದರೆ ನಿಮಗೆ ಹೇಳುವುದು ಸುಲಭ. ಇಲ್ಲೂ ಅದೇ ಕಥೆ: ಮೊಟ್ಟೆ, ನಾಲ್ಕು ಜ್ವರ (ಅಂದರೆ ಪೊರೆ ಕಳಚುವುದು), ಆಮೇಲೆ ಹಣ್ಣಾಗುವುದು (ಮೇವು ಬಿಟ್ಟು ಕೋಶಕ್ಕೆ ಸಿದ್ಧವಾಗುವುದು). ಗೂಡು ಮಾತ್ರ ಕಟ್ಟುವುದಿಲ್ಲ. ನೂಲಿನ ಒಂದು ಎಳೆಯನ್ನು ಸೊಂಟಕ್ಕೆ ಸುತ್ತಿಕೊಂಡು ಕಡ್ಡಿಗೆ ಒರಗಿ ಕೋಶವಾಗುತ್ತದೆ. ರೇಷ್ಮೆ ಹುಳ ಹಿಪ್ಪುನೇರಳೆ ಬಿಟ್ಟು ಬೇರೆ ಸೊಪ್ಪಿಗೆ ಬಾಯಿ ಹಾಕುತ್ತದಾ? ಚಿಟ್ಟೆ ಹುಳವೂ ಹಾಗೇ, ಅದರದೇ ಗಿಡ ಬೇಕು. ಅದಿಲ್ಲದಿದ್ದರೆ ತಾಯಿ ಚಿಟ್ಟೆ ನಿಮ್ಮ ಹೂವಿನ ರಸ ಕುಡಿದು ಬೇರೆ ಕಡೆ ಮೊಟ್ಟೆ ಇಡಲು ಹೋಗುತ್ತದೆ. ಈ ಹುಳಗಳು ನಿಮ್ಮ ಹಿಪ್ಪುನೇರಳೆ ಸೊಪ್ಪಿನ ತೋಟಕ್ಕೆ ನುಗ್ಗುತ್ತವೆ ಅನ್ನುವ ಭಯವೂ ಬೇಡ.

ಕರಿಬೇವು ಎರಡು ಗಿಡ ಇಡಿ, ಒಂದು ಒಗ್ಗರಣೆಗೆ, ಒಂದು ಹುಳಕ್ಕೆ. ಅಡುಗೆ ಗಿಡದಲ್ಲಿ ಹುಳ ಕಂಡರೆ ಕೈಯಲ್ಲಿ ಕೀಳಬೇಡಿ. ಎಲೆ ಸಮೇತ ಕತ್ತರಿಸಿ ಇನ್ನೊಂದು ಗಿಡದ ಮೇಲಿಟ್ಟರೆ ತಾನಾಗೇ ಹತ್ತಿಕೊಳ್ಳುತ್ತದೆ. ಬೋಳಾದ ಗಿಡಕ್ಕೆ ಒಂದಿಷ್ಟು ಗೊಬ್ಬರ ಕೊಟ್ಟರೆ ಮತ್ತೆ ಚಿಗುರುತ್ತದೆ. ನಿಂಬೆ, ಬಿಲ್ವಪತ್ರೆ ಇದ್ದರೆ ಅಲ್ಲೂ ಇವೇ ಮೊಟ್ಟೆ ಇಡುತ್ತವೆ.

ಬೇಲಿ ಸಾಲಿಗೆ ನಮ್ಮ ಬಯಲುಸೀಮೆಯ ಗಿಡಗಳೇ ಸಾಕು, ನೀರು ಕೇಳುವುದಿಲ್ಲ. ಎಕ್ಕ ಇದ್ದರೆ ಪ್ಲೇನ್ ಟೈಗರ್ ಬರುತ್ತದೆ, ಕೇಸರಿ ರೆಕ್ಕೆಗೆ ಕಪ್ಪು ಅಂಚಿನದು. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಮಕ್ಕಳಿದ್ದರೆ ಜೋಪಾನ. ತಂಗಡಿಗೆ ಹಳದಿಯವೂ ಹಸಿರು ಮಿಶ್ರಿತ ಬಿಳಿಯವೂ ಬರುತ್ತವೆ. ಹರಳು ಗಿಡಕ್ಕೂ ಅದರದೇ ಕಂದು ಚಿಟ್ಟೆ ಇದೆ. ಈಶ್ವರಿ ಬಳ್ಳಿ ಸಿಕ್ಕರೆ ಬಿಡಬೇಡಿ. ಕೆಂಪು ಮೈಯ ಕಪ್ಪು ರೋಸ್ ಚಿಟ್ಟೆಗಳು ಅದಕ್ಕೇ ಬರುವುದು. ನರ್ಸರಿಯಲ್ಲಿ ದೊಡ್ಡ ಹೂವಿನ ವಿದೇಶಿ ಬಳ್ಳಿ ಕೊಡಲು ನೋಡುತ್ತಾರೆ, ನಾಟಿ ಬಳ್ಳಿಯನ್ನೇ ಕೇಳಿ.

ಇನ್ನು ಒಂದು ಗಿಡಕ್ಕೆ ಮೊಟ್ಟೆಗಾಗಿ ಅಲ್ಲ, ಗಂಡು ಚಿಟ್ಟೆಗಳು ಬರುತ್ತವೆ. ಕಾಯಿ ಒಣಗಿ ಅಲ್ಲಾಡಿಸಿದರೆ ಗಲಗಲ ಅನ್ನುತ್ತದಲ್ಲ, ಸೆಣಬಿನ ಜಾತಿಯದು, ಅದು. ಬ್ಲೂ ಟೈಗರ್ ಗಂಡುಗಳು ಅದರ ಬಾಡಿದ ಕಡ್ಡಿ, ಎಲೆಗೆ ಗುಂಪಾಗಿ ಮುತ್ತುತ್ತವೆ. ಹೆಣ್ಣನ್ನು ಸೆಳೆಯುವ ವಾಸನೆಗೆ ಬೇಕಾದ ಸಾರ ಅದರಲ್ಲಿದೆ. ಈ ಚಿಟ್ಟೆಗಳು ಮುಂಗಾರಿಗೆ ಮುಂಚೆ ಪಶ್ಚಿಮಘಟ್ಟದಿಂದ ಪೂರ್ವದ ಬಯಲಿಗೆ ಹಿಂಡು ಹಿಂಡಾಗಿ ವಲಸೆ ಬರುತ್ತವೆ. ಗಿಡ ಒಣಗಿತು ಅಂತ ಕಿತ್ತುಹಾಕಬೇಡಿ.

ಹೂವಿನ ವಿಷಯದಲ್ಲಿ ನನಗೆ ಪೆಟೂನಿಯಾ ಅಷ್ಟಕ್ಕಷ್ಟೇ. ಎಸಳು ತುಂಬಿಕೊಂಡ ಹೈಬ್ರಿಡ್ ಹೂವಿನಲ್ಲಿ ಚಿಟ್ಟೆಯ ಸೊಂಡಿಲು ಒಳಗೆ ಹೋಗುವುದೇ ಕಷ್ಟ. ಪೆಂಟಾಸ್, ರತ್ನಗಂಧಿ, ಒಂಟಿ ಸುತ್ತಿನ ಜಿನಿಯಾ ಹಾಕಿ. ಬೆಳಗಿನ ಬಿಸಿಲು ಬೀಳುವ, ಗಾಳಿ ಕಡಿಮೆ ಇರುವ ಮೂಲೆ ಆಗಬೇಕು. ಲಂಟಾನಕ್ಕೆ ಚಿಟ್ಟೆ ಬರುತ್ತವೆ ನಿಜ, ಆದರೆ ಬೇಲಿ ದಾಟಿ ಗುಡ್ಡಕ್ಕೆ ಹಬ್ಬಿದರೆ ತೆಗೆಯುವವರು ಯಾರು?

ನೀರಿಗೆ ತೊಟ್ಟಿ ಬೇಕಿಲ್ಲ. ಅಗಲದ ಮಣ್ಣಿನ ತಟ್ಟೆಗೆ ಮರಳು ತುಂಬಿ, ಚಿಟಿಕೆ ಉಪ್ಪು ಹಾಕಿ, ಸದಾ ಒದ್ದೆ ಇಡಿ. ನಿಮ್ಮ ಕೊಟ್ಟಿಗೆ ಹಿಂದೆ ಗಂಜಲ ಹರಿದ ನೆಲ ಇದ್ದರೆ ಅದೇ ಇನ್ನೂ ಒಳ್ಳೆಯದು. ಬಿಸಿಲೇರಿದ ಮೇಲೆ ಹೋಗಿ ನೋಡಿ, ಉಪ್ಪಿನಂಶಕ್ಕೆ ಸಾಲಾಗಿ ಕೂತಿರುತ್ತವೆ. ಕಳಿತ ಬಾಳೆಹಣ್ಣು, ಮಾವಿನಹಣ್ಣನ್ನು ಮರದ ನೆರಳಲ್ಲಿ ಇಟ್ಟರೆ ಹೂವಿನ ಹತ್ತಿರ ಸುಳಿಯದ ಕಂದು ಚಿಟ್ಟೆಗಳೂ ಬರುತ್ತವೆ.

ಔಷಧಿ ಬಗ್ಗೆ ಇನ್ನೊಂದು ಮಾತು. ಕೆಳಗೆ ಕಾಮೆಂಟಿನಲ್ಲಿ ಯಾರೋ ಬೇವಿನ ಎಣ್ಣೆ, ಬಿಟಿ ಪುಡಿ (ಬ್ಯಾಕ್ಟೀರಿಯಾದಿಂದ ಮಾಡಿದ ಹುಳದ ಔಷಧಿ) ಹೊಡೆಯಿರಿ, ಸಾವಯವ, ಏನೂ ಆಗಲ್ಲ ಅಂದಿದ್ದಾರೆ. ಬಿಟಿ ಇರುವುದೇ ಇಂಥ ಹುಳ ಸಾಯಿಸಲು, ರೇಷ್ಮೆ ಹುಳವನ್ನೂ ಬಿಡುವುದಿಲ್ಲ. ಪಕ್ಕದ ಟೊಮೆಟೊ ಹೊಲದವರು ಔಷಧಿ ಹೊಡೆಯುವಾಗ ಸೊಪ್ಪಿನ ತೋಟಕ್ಕೆ ಗಾಳಿ ಬೀಸದ ಹಾಗೆ ಹೇಳಿರುತ್ತೀರಲ್ವಾ, ಹಿತ್ತಲಿನ ಬಗ್ಗೆಯೂ ಒಂದು ಮಾತು ಹೇಳಿಡಿ.

ಎಲ್ಲಾ ಹುಳವೂ ಚಿಟ್ಟೆ ಆಗುವುದಿಲ್ಲ. ರೇಷ್ಮೆ ಹುಳದ ಮೇಲೆ ಮೊಟ್ಟೆ ಇಟ್ಟು ಸಾಯಿಸುವ ಊಜಿ ನೊಣದ ಜಾತಿಯವು ಇಲ್ಲೂ ಇವೆ, ಸಣ್ಣ ಕಣಜಗಳಿವೆ, ಗುಬ್ಬಿ, ಓತಿಕ್ಯಾತಗಳಿವೆ. ಅವನ್ನು ಓಡಿಸಲು ಹೋಗಬೇಡಿ. ಈಗ ಗಿಡದಲ್ಲಿರುವ ಹುಳಗಳು ಒಂದು ದಿನ ಕಾಣದೇ ಹೋದರೆ ಗಾಬರಿ ಬೇಡ. ಅಕ್ಕಪಕ್ಕದ ಕಡ್ಡಿ, ಕುಂಡದ ಅಂಚು, ಗೋಡೆ ಮೂಲೆ ಹುಡುಕಿ. ಕೋಶ ಕಂಡರೆ ಫೋಟೋ ಇಲ್ಲೇ ಹಾಕಿ, ಯಾವ ಚಿಟ್ಟೆ ಅಂತ ಹೇಳುತ್ತೇನೆ.