ಶನಿವಾರ ಬರುವ ಅಪ್ಪ, ಸುತ್ತಾಟದಲ್ಲಿ ಅಳುವ ಮಗು

(ಇಬ್ಬರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಮಗನಿಗೆ ಎರಡು ವರ್ಷ ಮೂರು ತಿಂಗಳು. ತಾಯಿ ಶಿವಮೊಗ್ಗದ ಶಾಲೆಯೊಂದರಲ್ಲಿ ಟೀಚರ್. ತಂದೆಗೆ ಬೆಂಗಳೂರಲ್ಲಿ ಕೆಲಸ. ಶುಕ್ರವಾರ ರಾತ್ರಿ ರೈಲು ಹತ್ತಿ ಬರುತ್ತಾರೆ, ಭಾನುವಾರ ರಾತ್ರಿ ವಾಪಸ್. ಇಂಥ ಮನೆಗಳು ನಮ್ಮೂರಲ್ಲಿ ಈಗ ಬೀದಿಗೊಂದು ಸಿಗುತ್ತವೆ.

ನವರಾತ್ರಿಯ ನಡುವೆ ಮಗುವನ್ನು ಕರೆದುಕೊಂಡು ನನ್ನ ಹತ್ತಿರ ಸಲಹೆಗೆ ಬಂದರು. ದೂರು ಮಗುವಿನ ಮೇಲೆ. ಹೊರಗೆ ಕರ್ಕೊಂಡು ಹೋದರೆ ವಿಪರೀತ ಹಠ, ಕಾರಲ್ಲಿ ಕಿರುಚಾಟ, ಏನೂ ತಿನ್ನಲ್ಲ. "ಇವನಿಗೆ ಏನಾದ್ರೂ ತೊಂದ್ರೆ ಇದೆಯಾ ನೋಡಿ ಮೇಡಂ" ಎಂದರು ತಂದೆ. ತಾಯಿ ಮಾತಾಡಲಿಲ್ಲ. ಹೋದ ವಾರ ಎಲ್ಲಿಗೆ ಹೋಗಿದ್ರಿ, ಬೆಳಿಗ್ಗೆಯಿಂದ ರಾತ್ರಿವರೆಗೆ ಹೇಳಿ ಎಂದೆ.

ಆರು ಗಂಟೆಗೆ ಮನೆ ಬಿಟ್ಟಿದ್ದರು. ಮೊದಲು ಸಿಗಂದೂರು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕೆಲಸ ಇಲ್ಲ, ಹಾಗಾಗಿ ಸಿಗಂದೂರು, ಜೋಗ ಎರಡೂ ಒಂದೇ ದಿನ ಆಗುತ್ತೆ ಅನ್ನೋದು ತಂದೆಯ ಲೆಕ್ಕ. ದಾರೀಲೇ ಅಲ್ವಾ ಅಂತ ಇಕ್ಕೇರಿಯನ್ನೂ ಸೇರಿಸಿಕೊಂಡರು. ಒಟ್ಟು 250 ಕಿಲೋಮೀಟರಿಗೆ ಕಡಿಮೆ ಇಲ್ಲ. ಮಗು ಜೋಗದ ಹತ್ತಿರ ಬರುವಾಗ ನಿದ್ದೆ ಹೋಗಿತ್ತು. ಜಲಪಾತ ನೋಡಲಿ ಅಂತ ಎಬ್ಬಿಸಿದರು. 253 ಮೀಟರ್ ಎತ್ತರದಿಂದ ಬೀಳುವ ನೀರಿನ ಕಡೆ ಅವನು ತಿರುಗಿಯೂ ನೋಡಲಿಲ್ಲ. ಅಷ್ಟರಲ್ಲಿ ಮಂಜು ಮುಚ್ಚಿತು. ಫೋಟೋಗೆ ನಿಲ್ಲಿಸಲು ಹೋದಾಗ ಅಳು ಶುರು. ವಾಪಸ್ ಬರುವಾಗ ಆನಂದಪುರದ ಹತ್ತಿರ ವಾಂತಿ. ಮನೆ ಸೇರಿದ್ದು ರಾತ್ರಿ ಒಂಬತ್ತಕ್ಕೆ.

"ಇಡೀ ದಿನದಲ್ಲಿ ಅವನು ಖುಷಿಯಾಗಿದ್ದು ಯಾವಾಗ?" ಎಂದು ಕೇಳಿದೆ. ತಂದೆ ಯೋಚಿಸುತ್ತಿದ್ದರು. ಉತ್ತರ ಕೊಟ್ಟದ್ದು ತಾಯಿ. ಜೋಗದ ಪಾರ್ಕಿಂಗ್‌ನಲ್ಲಿ ಒಂದು ಕಂಬಳಿಹುಳ ಸಿಕ್ಕಿತ್ತಂತೆ. ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಹೋಯ್ತು, ಹೋಯ್ತು" ಅಂತ ಹೇಳ್ತಾ ಇದ್ದನಂತೆ. ಲೇಟಾಗುತ್ತೆ ಅಂತ ಅಪ್ಪ ಎತ್ತಿಕೊಂಡರು. ನಿಜವಾದ ಅಳು ಶುರುವಾದದ್ದು ಅಲ್ಲಿ.

ಮಗುವನ್ನು ನೋಡಿದೆ. ಹೆಸರು ಕರೆದರೆ ತಿರುಗುತ್ತಾನೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನೆ. "ಅಮ್ಮ ಬಾ", "ನೀರು ಬೇಕು" ಅಂತ ಎರಡು ಪದ ಸೇರಿಸಿ ಮಾತಾಡುತ್ತಾನೆ. ನನ್ನ ಕೋಣೆಯ ಡಬ್ಬಗಳ ಮುಚ್ಚಳ ತೆಗೆದು ಹಾಕಿ ಆಡಿದ, ಮಧ್ಯೆ ಮಧ್ಯೆ ಅಮ್ಮ ಇದ್ದಾಳಾ ಅಂತ ನೋಡಿಕೊಂಡ. ಚಿಂತೆ ಮಾಡುವಂಥದ್ದು ಏನೂ ಕಾಣಲಿಲ್ಲ. ಈ ವಯಸ್ಸಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಶನಿವಾರ ಇವನಿಗೆ ಅದರ ಹತ್ತಿರಕ್ಕೂ ಸಿಕ್ಕಿರಲಿಲ್ಲ. ಮಗುವಿನದ್ದು ಹಠ ಅಲ್ಲ, ಸುಸ್ತು ಎಂದು ಹೇಳಿದೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ಹಾಗಾದ್ರೆ ಸ್ವಲ್ಪ ದಿನ ಸುತ್ತಾಟ ಬಿಡಿ ಅಂದೆ ನೋಡಿ, ತಂದೆಯ ಮುಖ ಇಳಿದುಹೋಯಿತು. "ಇರೋದೇ ಎರಡು ದಿನ ಮೇಡಂ. ಮನೇಲಿ ಕೂತ್ರೆ ಅವನು ನನ್ನ ಹತ್ರ ಬರೋದೇ ಇಲ್ಲ. ಅಮ್ಮ, ಅಜ್ಜಿ, ಅಷ್ಟೇ. ಹೊರಗೆ ಹೋದ್ರೆ ಆದ್ರೂ ನನ್ನ ಹೆಗಲ ಮೇಲೆ ಇರ್ತಾನೆ" ಎಂದರು.

ಅಲ್ಲಿಗೆ ವಿಷಯ ತಿಳಿಯಿತು. ಸಿಗಂದೂರು, ಜೋಗ, ಇಕ್ಕೇರಿ ಎಲ್ಲವೂ ಐದು ದಿನ ಇಲ್ಲದಿದ್ದಕ್ಕೆ ಕಟ್ಟುತ್ತಿದ್ದ ಬಡ್ಡಿ. ತಾಯಿಗೆ ಇದು ಗೊತ್ತಿರಲಿಲ್ಲ. ಗಂಡನಿಗೆ ಫೋಟೋ ಹುಚ್ಚು ಅಂತ ಅವರು ತಿಳಿದಿದ್ದರು. ಅವರ ಮಾತು ಇನ್ನೊಂದು ಥರ: "ಬ್ಯಾಗ್ ಕಟ್ಟೋದು ನಾನು, ತಿನ್ನಿಸೋದು ನಾನು, ವಾಂತಿ ಒರೆಸೋದು ನಾನು. ಫೋಟೋದಲ್ಲಿ ಇರೋದು ಅವರಿಬ್ಬರು." ವಾರವಿಡೀ ಶಾಲೆ, ಶನಿವಾರ ಬಂತು ಅಂದ್ರೆ ಭಯ ಅಂತಲೂ ಹೇಳಿದರು.

ಈ ವಯಸ್ಸಿನಲ್ಲಿ ಮಕ್ಕಳು ಒಬ್ಬರನ್ನು ಹಿಡಿದುಕೊಂಡು ಇನ್ನೊಬ್ಬರನ್ನು ದೂರ ತಳ್ಳುವುದು ಮಾಮೂಲಿ. "ಅಪ್ಪ ಬೇಡ" ಅಂದರೆ ಅಪ್ಪನ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ಯಾರು ಊಟ ಮಾಡಿಸುತ್ತಾರೋ, ಯಾರು ಸ್ನಾನ ಮಾಡಿಸುತ್ತಾರೋ, ರಾತ್ರಿ ಎಚ್ಚರಾದಾಗ ಯಾರ ದನಿ ಕೇಳುತ್ತದೋ ಅವರ ಕಡೆ ಮಗು ವಾಲುತ್ತದೆ. ದಿನಾ ನಡೆಯುವ ಈ ಸಣ್ಣ ಕೆಲಸಗಳ ಜಾಗವನ್ನು ಜೋಗ ತುಂಬಲಾರದು. ಆದ್ದರಿಂದ ತಂದೆಗೆ ಸುತ್ತಾಟ ಕಡಿಮೆ ಮಾಡಿ ಅನ್ನುವುದಕ್ಕಿಂತ ಮೊದಲು ಕೆಲಸ ತಗೊಳ್ಳಿ ಅಂದೆ. ಶನಿವಾರ, ಭಾನುವಾರ ಬೆಳಗಿನ ಸ್ನಾನ ನಿಮ್ಮದು. ಬಚ್ಚಲಲ್ಲಿ ಎಷ್ಟು ಹೊತ್ತಾದರೂ ಆಗಲಿ. ಚೊಂಬಲ್ಲಿ ನೀರು ತುಂಬಿ ಸುರಿಯಲಿ, ನೀವೂ ನೆನೆಯಿರಿ. ಹಾಲು ತರಲು ನಡೆದೇ ಹೋಗಿ, ಅವನ ಹೆಜ್ಜೆಗೆ ಸರಿಯಾಗಿ. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಆಗುತ್ತೆ, ಆಗಲಿ. ದಾರೀಲಿ ಸಿಗುವ ನಾಯಿ, ಹಸು, ಗೇಟು ಎಲ್ಲದಕ್ಕೂ ನಿಲ್ಲಬೇಕು.

ತಾಯಿಗೆ ಹೇಳಿದ್ದು ಹೇಳಲೂ ಕೇಳಲೂ ಸ್ವಲ್ಪ ಕಷ್ಟದ ಮಾತು. ಗಂಡ ಮಗುವಿಗೆ ತಿನ್ನಿಸುವಾಗ ಪಕ್ಕದಲ್ಲಿ ನಿಂತು "ಹಾಗಲ್ಲ, ಹೀಗೆ" ಅನ್ನುವುದನ್ನು ಬಿಡಬೇಕು. ಅವರು ನನ್ನೆದುರೇ ಮೂರು ಸಲ ಹಾಗೆ ಅಂದಿದ್ದರು. ಅಂಗಿ ತಿರುಗಾಮುರುಗಾ ಹಾಕಿದರೆ ಮಗುವಿಗೆ ಏನೂ ಆಗಲ್ಲ. ಅಮ್ಮ ಎದುರಿಗೆ ಇರುವಷ್ಟು ಹೊತ್ತು ಅವನು ಅಪ್ಪನ ಕೈಯಿಂದ ತಿನ್ನುವುದೂ ಇಲ್ಲ. ಆ ಹೊತ್ತಿಗೆ ನೀವು ಬೇರೆ ಕೋಣೆಗೆ ಹೋಗಿ, ಇಲ್ಲ ಗೆಳತಿ ಮನೆಗೆ ಹೋಗಿ, ಇಲ್ಲ ಮಲಗಿ ಅಂದೆ. "ಮಲಗ್ತೀನಿ" ಅಂದರು ತಕ್ಷಣ. ಅವರ ಜೊತೆ ಒಂಟಿಯಾಗಿಯೂ ಮಾತಾಡಿದೆ. ನಿದ್ದೆ, ಊಟ, ಅಳು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇದನ್ನೆಲ್ಲ ಕೇಳಿದೆ. ಆಯಾಸ ಜಾಸ್ತಿ ಇತ್ತು, ಖಿನ್ನತೆ ಅನ್ನುವ ಮಟ್ಟದಲ್ಲಿ ಇರಲಿಲ್ಲ. ಬೇಸರ ಎರಡು ವಾರಕ್ಕಿಂತ ಹೆಚ್ಚು ಬಿಡದೆ ಕಾಡಿದರೆ ವೈದ್ಯರನ್ನು ನೋಡಬೇಕು, ಹೊತ್ತಲ್ಲದ ಹೊತ್ತಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು ಎಂದು ಬರೆದುಕೊಟ್ಟೆ.

ಇನ್ನು ಸುತ್ತಾಟ. ಅದನ್ನು ಪೂರ್ತಿ ಬಿಡಿ ಅಂತ ಹೇಳುವುದು ನನಗೂ ಇಷ್ಟ ಇರಲಿಲ್ಲ. ಮಳೆ ಇಳಿದು ಬಿಸಿಲು ಇನ್ನೂ ಎಳೆಯದಾಗಿರುವ ಈ ಆಶ್ವೀಜ, ಕಾರ್ತೀಕದಲ್ಲಿ ಮಲೆನಾಡಿನ ಮಗುವನ್ನು ಮನೆಯೊಳಗೆ ಇಟ್ಟುಕೊಳ್ಳುವುದು ಅನ್ಯಾಯ. ಒಂದು ಸಲಕ್ಕೆ ಒಂದೇ ಜಾಗ, ಕಾರಲ್ಲಿ ಅರ್ಧ ಮುಕ್ಕಾಲು ಗಂಟೆ, ಮಧ್ಯಾಹ್ನದ ನಿದ್ದೆಗೆ ಮನೆ. ಇಷ್ಟಕ್ಕೆ ಒಪ್ಪಿಸಿದೆ. ಸಕ್ರೆಬೈಲು ಊರಿಂದ 14 ಕಿಲೋಮೀಟರ್. ಆನೆಗಳು ತುಂಗೆಯ ಹಿನ್ನೀರಲ್ಲಿ ಮೀಯುವುದು ಬೆಳಗಿನ ಹೊತ್ತೇ, ಹಾಗಾಗಿ ಮಗುವಿನ ಗಡಿಯಾರಕ್ಕೂ ಸರಿ. ತ್ಯಾವರೆಕೊಪ್ಪದ ಸಫಾರಿ ಹತ್ತಿರವೇ ಇದೆ, ಆದರೆ ಬಸ್ಸಿಗೆ ಕಾಯಬೇಕು, ಹತ್ತಿದ ಮೇಲೆ ಇಳಿಯುವ ಹಾಗಿಲ್ಲ. ಇನ್ನೊಂದು ವರ್ಷ ಹೋಗಲಿ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರುವುದನ್ನು ನೋಡಬಹುದು. ಈ ಕಾಲದಲ್ಲಿ ನೀರಿಗೆ ಸೆಳೆತ ಇರುತ್ತೆ, ಮೆಟ್ಟಿಲ ಮೇಲೆ ಕೈ ಬಿಡಬಾರದು. ನನ್ನ ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ತಾಳಗುಪ್ಪ ಕಡೆಯ ರೈಲು. ಆನಂದಪುರದವರೆಗೆ ಹೋಗಿ ಸಿಕ್ಕ ಬಸ್ಸಿಗೆ ವಾಪಸ್ ಬಂದರೂ ಸಾಕು. ರೈಲಲ್ಲಿ ಎದ್ದು ಓಡಾಡಬಹುದು, ಕಿಟಕಿಯಲ್ಲಿ ಎಮ್ಮೆ ಕಾಣುತ್ತೆ, ಎರಡು ವರ್ಷದವನಿಗೆ ಇನ್ನೇನು ಬೇಕು?

ಕಾರಲ್ಲಿ ಅಳು ನಿಲ್ಲಿಸಲು ಮೊಬೈಲ್ ಕೊಡುತ್ತಿದ್ದರಂತೆ. ತಿರುವಿನ ರಸ್ತೆಯಲ್ಲಿ ತಲೆ ಬಗ್ಗಿಸಿ ಪರದೆ ನೋಡಿದರೆ ದೊಡ್ಡವರಿಗೇ ಹೊಟ್ಟೆ ತೊಳಸುತ್ತೆ. ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಇನ್ನೂ ಕಡಿಮೆ ಆದರೆ ಇನ್ನೂ ಒಳ್ಳೆಯದು ಅನ್ನುವುದು ಅದೇ 2019ರ ಸೂಚನೆಯಲ್ಲಿದೆ. ಹೊರಡುವಾಗಿನ ರಂಪಕ್ಕೆ ಒಂದು ಉಪಾಯ ಹೇಳಿದೆ. "ಐದು ನಿಮಿಷ" ಅಂದರೆ ಅವನಿಗೆ ಅರ್ಥ ಆಗಲ್ಲ. "ಇನ್ನು ಮೂರು ಕಲ್ಲು ನೀರಿಗೆ ಹಾಕು, ಆಮೇಲೆ ಕಾರು" ಅಂದರೆ ಆಗುತ್ತೆ. ಮೂರಾದ ಮೇಲೆ ಹೊರಡಲೇಬೇಕು, ನಾಲ್ಕನೇ ಕಲ್ಲು ಕೊಟ್ಟರೆ ಮುಂದಿನ ಸಲ ನಲವತ್ತು ಬೇಕಾಗುತ್ತೆ. ಫೋಟೋ ಮೊದಲ ಐದು ನಿಮಿಷ ತೆಗೆದು ಫೋನ್ ಒಳಗಿಡಿ. ಬ್ಯಾಗ್ ಕಟ್ಟುವುದು ಇನ್ನು ಮುಂದೆ ಅಪ್ಪನ ಕೆಲಸ. ಬ್ಯಾಗಲ್ಲಿ ಏನಿರಬೇಕು ಅಂತ ಒಂದು ಸಲ ಡೈಪರ್ ಮರೆತರೆ ತಾನಾಗಿ ಗೊತ್ತಾಗುತ್ತೆ.

ಅದಾದ ಮುಂದಿನ ವಾರ ಭೂಮಿ ಹುಣ್ಣಿಮೆ. ತಾಯಿಯ ತವರು ಹೊಸನಗರ ಕಡೆ. ಭತ್ತ ಹೊಡೆಯಾಗುವ ಹೊತ್ತಿಗೆ ಬಸುರಿ ಭೂಮಿತಾಯಿಯ ಬಯಕೆ ತೀರಿಸುವ ಹಬ್ಬ ಇದು. ಹಿಂದಿನ ರಾತ್ರಿಯಿಡೀ ಅಡುಗೆ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ನಸುಕಲ್ಲೇ ಗದ್ದೆಗೆ ಹೋಗುತ್ತಾರೆ, ಚರಗ ಚೆಲ್ಲಿ ಪೂಜೆ ಮಾಡಿ ಅಲ್ಲೇ ಉಣ್ಣುತ್ತಾರೆ. ತಂದೆ ಆ ಸಲ ರಜೆ ಹಾಕಿದರು. ನನ್ನ ಸಲಹೆ ಇಷ್ಟೇ: ಹೋಗಿ, ಆದರೆ ಹಿಂದಿನ ದಿನವೇ ಹೋಗಿ ಅಲ್ಲೇ ಉಳಿಯಿರಿ. ತೋಟದ ಮನೆ ಆದ್ದರಿಂದ ಒಂದೆರಡು ಎಚ್ಚರಿಕೆಯನ್ನೂ ಹೇಳಿದೆ. ಅಡಿಕೆ ಕೊಯ್ಲು ಶುರುವಾಗಿದ್ದರೆ ಅಂಗಳದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಇರುತ್ತೆ. ಬಿದ್ದ ಅಡಿಕೆ ಬಾಯಿಗೆ ಹೋದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಇಂಬಳ (ಜಿಗಣೆ) ಕಚ್ಚಿದರೆ ಗಾಬರಿ ಬೇಡ, ರಕ್ತ ಸ್ವಲ್ಪ ಹೊತ್ತು ಹರಿದು ನಿಲ್ಲುತ್ತೆ. ಭಯ ಪಡಬೇಕಾದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆ ಹರಡುವುದು ಅದರಿಂದ. ಒಣಹವೆ ಶುರುವಾದ ಮೇಲೆ, ಅಂದರೆ ನವೆಂಬರ್, ಡಿಸೆಂಬರ್ ಬಂದ ಮೇಲೆ ದರಲೆ (ಒಣ ಎಲೆ) ತುಂಬಿದ ಕಾಡೊಳಗೆ ಮಗುವನ್ನು ಆಡಲು ಬಿಡಬೇಡಿ ಎಂದೆ.

ಹಬ್ಬದ ದಿನ ತಾಯಿ ಪೂಜೆಯ ಕೆಲಸದಲ್ಲಿ ಇದ್ದರು, ಅಜ್ಜಿ ಅಡುಗೆ ಬಡಿಸುತ್ತಿದ್ದರು. ಮಗು ಹಸಿದಿತ್ತು, ಹತ್ತಿರ ಇದ್ದದ್ದು ಅಪ್ಪ ಮಾತ್ರ. ಬಾಳೆ ಎಲೆಯ ಮೇಲಿಂದ ಕಡುಬು ಮುರಿದು ಕೊಟ್ಟರೆ ತಿಂದ. ಆಮೇಲೆ ಗದ್ದೆ ಅಂಚಲ್ಲಿ ಏಡಿ ಬಿಲ ನೋಡುತ್ತಾ ಇಬ್ಬರೂ ಕೆಸರಾದರು. ಇದನ್ನು ನನಗೆ ಹೇಳಿದ್ದು ತಂದೆ. "ಅಮ್ಮ ಎಲ್ಲಿ ಅಂತ ಕೇಳ್ಲೇ ಇಲ್ಲ ಮೇಡಂ" ಅಂತ ಎರಡು ಸಲ ಹೇಳಿದರು. ತಾಯಿ ಪಕ್ಕದಲ್ಲಿ ನಗುತ್ತಿದ್ದರು, ಆದರೂ "ಬಿಳಿ ಅಂಗಿ ಹಾಳಾಯ್ತು" ಅನ್ನದೆ ಇರಲು ಆಗಲಿಲ್ಲ.

ಎಲ್ಲವೂ ಸರಿಹೋಯಿತು ಅಂತಲ್ಲ. ಸೋಮವಾರ ಬೆಳಿಗ್ಗೆ ಅಪ್ಪ ಇಲ್ಲದ್ದು ಕಂಡು ಮಗು ಈಗ ಅಳುತ್ತಾನೆ. ಮೊದಲು ಅಳುತ್ತಿರಲಿಲ್ಲ. ಇದು ಕೆಟ್ಟ ಲಕ್ಷಣ ಅಲ್ಲ, ಅಪ್ಪನನ್ನು ನೆನೆಸಿಕೊಳ್ಳುತ್ತಿದ್ದಾನೆ ಎಂದು ವಿವರಿಸಬೇಕಾಯಿತು. ನಿದ್ದೆಯಲ್ಲಿದ್ದಾಗ ಕಳ್ಳನ ಹಾಗೆ ಹೋಗಬೇಡಿ, ರಾತ್ರಿ ಎಚ್ಚರ ಇರುವಾಗಲೇ ಹೇಳಿ ಹೊರಡಿ, ಅತ್ತರೂ ಪರವಾಗಿಲ್ಲ ಎಂದೆ. ಅತ್ತೆಯವರು ದೃಷ್ಟಿ ತೆಗೆಯುವುದನ್ನು ಮುಂದುವರಿಸಿದ್ದಾರೆ. ಅದರಿಂದ ಯಾರಿಗೂ ನಷ್ಟ ಇಲ್ಲ.

ಕೊನೆಯ ಸಲ ಬಂದಾಗ ತಂದೆ ಸ್ವಲ್ಪ ಸಂಕೋಚದಿಂದ ಕೇಳಿದರು: "ಹಾಗಾದ್ರೆ ಜೋಗ?" ಜೋಗಕ್ಕೆ ಹೋಗಿ ಅಂದೆ. ಸಾಗರದಲ್ಲಿ ಒಂದು ರಾತ್ರಿ ಉಳಿದು, ಬೆಳಗಿನ ತಿಂಡಿ ಮುಗಿಸಿ ಹೊರಡಿ, ಅಲ್ಲಿಂದ 30 ಕಿಲೋಮೀಟರ್ ಅಷ್ಟೇ. ಬುಡದವರೆಗಿನ ಮೆಟ್ಟಿಲಿಗೆ ಮಗುವನ್ನು ಎತ್ತಿಕೊಂಡು ಇಳಿಯಬೇಡಿ. ಅವನು ಮತ್ತೆ ಪಾರ್ಕಿಂಗ್‌ನಲ್ಲೇ ಕೂತರೆ ಒಬ್ಬರು ಜೊತೆಗಿರಿ, ಇನ್ನೊಬ್ಬರು ಜಲಪಾತ ನೋಡಿ ಬನ್ನಿ, ಆಮೇಲೆ ಸರದಿ ಬದಲಿಸಿ. ಮೊದಲ ಸರದಿ ಯಾರದ್ದು ಅಂತ ಅಲ್ಲೇ ಚರ್ಚೆ ಶುರುವಾಯಿತು.