ಮೈಸೂರಿಂದ ಮೇಲುಕೋಟೆ ನಡಿಗೆ: ಬೂಟು ಬೇಡ ಅಂತೀನಿ

ಮೈಸೂರಿಂದ ಮೇಲುಕೋಟೆಗೆ ಎರಡು ದಿನದಲ್ಲಿ ನಡೆದು ಹೋಗಬಹುದಾ, ಟ್ರೆಕ್ಕಿಂಗ್ ಬೂಟು ಕೊಳ್ಳಬೇಕಾ ಅಂತ ಕೇಳಿದ್ದೀರಿ. ಆರಾಮಾಗಿ ಹೋಗಬಹುದು, 50 ಕಿ.ಮೀ. ಆಸುಪಾಸು. ಬೂಟು ಮಾತ್ರ ಬೇಡ. ದಾರಿಯೆಲ್ಲ ಟಾರು, ಕಾಡಲ್ಲ.

ನಾನು ಸುಮ್ನೆ ಜಂಭಕ್ಕೆ ಹೊಸ ಬೂಟು ಹಾಕಿಕೊಂಡು ಹೊರಟಿದ್ದೆ. ಶ್ರೀರಂಗಪಟ್ಟಣ ಮುಟ್ಟುವಷ್ಟರಲ್ಲಿ ಎಡ ಹಿಮ್ಮಡಿಯಲ್ಲಿ ಎಂಟಾಣೆ ಅಗಲದ ಬೊಬ್ಬೆ. ಕಾವೇರಿ ದಡದಲ್ಲಿ ಕಾಲುಚೀಲ ಬಿಚ್ಚಿದರೆ ಚರ್ಮವೂ ಜೊತೆಗೇ ಬಂತು. ಮುಂದಕ್ಕೆ ಹವಾಯಿ ಚಪ್ಪಲಿಯಲ್ಲೇ ನಡೆದೆ, ಬೂಟು ಹೆಗಲ ಮೇಲೆ! ಹಳೇ, ಪಳಗಿದ ಶೂ ಸಾಕು. ಹಿಮ್ಮಡಿಗೆ ಮೊದಲೇ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಮೊದಲ ದಿನ ಪಾಂಡವಪುರಕ್ಕೆ ನಿಲ್ಲಿಸಿ, ಸುಮಾರು ಅರ್ಧ ದಾರಿ. ಹೆದ್ದಾರಿಗೆ ಹತ್ತಬೇಡಿ, ಸರ್ವಿಸ್ ರಸ್ತೆಯಲ್ಲೇ ಹೋಗಿ. ಬೆಳಗ್ಗೆ ಐದಕ್ಕೆ ಬಿಟ್ಟು ಹನ್ನೊಂದರೊಳಗೆ ಆದಷ್ಟು ಮುಗಿಸಿ. ಬಿಸಿಲೇರಿದ ಮೇಲೆ ಒಂದೊಂದು ಕಿಲೋಮೀಟರೂ ಎರಡರಷ್ಟು ಅನ್ನಿಸುತ್ತದೆ.

ಅಭ್ಯಾಸಕ್ಕೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದ್ದೇ ಇದೆಯಲ್ವಾ? ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿ ಗೊತ್ತಾಗುವುದು. ಮೇಲುಕೋಟೆಯಲ್ಲೂ ಯೋಗಾನರಸಿಂಹನ ಬೆಟ್ಟ ಕೊನೆಗೆ ಕಾದಿರುತ್ತದೆ, ಅದಕ್ಕೆ ಸ್ವಲ್ಪ ಕಾಲು ಉಳಿಸಿಕೊಳ್ಳಿ. ಇಳಿದು ಪುಳಿಯೋಗರೆ ತಿಂದು ವಾಪಸ್ ಬಸ್ಸು ಹತ್ತಿ. ನಾನೂ ಹಾಗೇ ಬಂದದ್ದು.