ದನಿ ಕಟ್ಟಿದೆ, ಸ್ಕ್ಯಾನ್ ಮಾಡಿಸಿದರೆ ಸಾಲದೇ ಡಾಕ್ಟ್ರೇ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಬೀಡಿ ಸೇದುತ್ತಾರೆ. ಒಂದೂವರೆ ತಿಂಗಳಿಂದ ದನಿ ಕಟ್ಟಿದೆ. ನೋವೇನೂ ಇಲ್ಲ. ಎರಡು ಸಲ ಆ್ಯಂಟಿಬಯೋಟಿಕ್ ಕೋರ್ಸ್ ಮುಗಿಸಿದ್ದಾಯಿತು. ಈಗ ಇಎನ್‌ಟಿ ಡಾಕ್ಟರು ಮೂಗಿನಿಂದ ಕ್ಯಾಮೆರಾ ಬಿಟ್ಟು ನೋಡಬೇಕು ಅನ್ನುತ್ತಿದ್ದಾರೆ. ಅಪ್ಪ ಹೆದರಿದ್ದಾರೆ. ಅದರ ಬದಲು ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಸಾಲದೇ?

ಉತ್ತರ: ಸಾಲದು. ಕ್ಯಾಮೆರಾ ಮೊದಲು, ಸ್ಕ್ಯಾನ್ ಬೇಕಾದರೆ ಆಮೇಲೆ. ಈ ವಾರವೇ ಮಾಡಿಸಿಬಿಡಿ.

ಸ್ಕ್ಯಾನ್ ದುಬಾರಿ, ಮೆಷಿನ್ನೂ ದೊಡ್ಡದು, ಹಾಗಾಗಿ ಅದರಲ್ಲಿ ಎಲ್ಲವೂ ಕಾಣುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಧ್ವನಿತಂತುವಿನ ಮೇಲಿನ ಸಣ್ಣ ಬಿಳಿ ಮಚ್ಚೆ, ಪುಟ್ಟ ಗಂಟು, ಈಗಷ್ಟೇ ಶುರುವಾದ ಗಡ್ಡೆ ಇವೆಲ್ಲ ಸಿ.ಟಿ.ಯಲ್ಲಿ ಕಾಣದೇ ಹೋಗಬಹುದು. ನೇರವಾಗಿ ನೋಡಿದರೆ ಕಾಣುತ್ತವೆ. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿಯನ್ನು ಗಂಟಲಲ್ಲಿಟ್ಟು, ಬಿಸಿಲು ಬಿಟ್ಟುಕೊಂಡು ತನ್ನದೇ ಧ್ವನಿತಂತುಗಳನ್ನು ನೋಡಿಕೊಂಡರು. ಇವತ್ತಿನ ಕ್ಯಾಮೆರಾ ಮಾಡುವುದೂ ಅದೇ ಕೆಲಸ, ಇನ್ನಷ್ಟು ಚೆನ್ನಾಗಿ.

ಇನ್ನೊಂದು ಕಾರಣವೂ ಇದೆ. ತಂತುಗಳು ಹೇಗೆ ಅಲುಗಾಡುತ್ತಿವೆ ಎಂದು ನೋಡಬೇಕು. "ಈ..." ಅನ್ನಿಸಿದಾಗ ಎರಡೂ ಬಂದು ಕೂಡಬೇಕು, ಉಸಿರೆಳೆದಾಗ ದೂರ ಸರಿಯಬೇಕು. ಎಡಗಡೆಯದು ಅಲುಗಾಡದೆ ನಿಂತಿದ್ದರೆ ತೊಂದರೆ ಗಂಟಲಲ್ಲೇ ಇರಬೇಕೆಂದಿಲ್ಲ, ಯಾಕೆಂದರೆ ಅದಕ್ಕೆ ಹೋಗುವ ನರ ಕುತ್ತಿಗೆಯಿಂದ ಎದೆಗೆ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡು ಮತ್ತೆ ಮೇಲೆ ಬರುತ್ತದೆ, ಎದೆಯೊಳಗಿನ ಗಡ್ಡೆ ಆ ನರವನ್ನು ಒತ್ತಿದರೂ ದನಿ ಹೋಗುತ್ತದೆ. ಆಗ ತಲೆಬುರುಡೆಯ ಬುಡದಿಂದ ಎದೆವರೆಗೆ ಸ್ಕ್ಯಾನ್ ಬೇಕು. ಮೊದಲೇ ಸುಮ್ನೆ ಕುತ್ತಿಗೆ ಸ್ಕ್ಯಾನ್ ಮಾಡಿಸಿದ್ದರೆ ಅದು ತಪ್ಪಿಹೋಗುತ್ತಿತ್ತು, ಅಲ್ವಾ?

ಹೆದರುವಂಥದ್ದೇನಿಲ್ಲ ಅಂತ ತಂದೆಯವರಿಗೆ ಹೇಳಿ. ಟ್ಯೂಬು ಮೂರ್ನಾಲ್ಕು ಮಿ.ಮೀ. ದಪ್ಪ, ಬಾಗುತ್ತದೆ. ಮೂಗಿಗೆ ಮರಗಟ್ಟುವ ಔಷಧಿ ಹಾಕುತ್ತಾರೆ. ಕುರ್ಚಿಯಲ್ಲಿ ಕೂತೇ ಇರುತ್ತಾರೆ, ಕೆಲವೇ ನಿಮಿಷ. ಕಣ್ಣಲ್ಲಿ ನೀರು ಬರಬಹುದು. ಗಂಟಲಿನ ಮರಗಟ್ಟುವಿಕೆ ಬಿಡುವವರೆಗೆ, ಅಂದಾಜು ಒಂದು ಗಂಟೆ, ಕಾಫಿ-ತಿಂಡಿ ಬೇಡ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ತಿಳಿಸಿ.

ಕ್ಯಾನ್ಸರೇ ಅಂತ ನಾನು ಹೇಳುತ್ತಿಲ್ಲ. ಆ್ಯಸಿಡ್ ಮೇಲೆ ಬರುವುದು, ಬೀಡಿ ಹೊಗೆಯಿಂದ ಆದ ಊತ, ಹೀಗೆ ಏನೂ ಇರಬಹುದು. ಅನುಮಾನದ ಜಾಗ ಕಂಡರೆ ಮಾತ್ರ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ, ಕ್ಯಾನ್ಸರ್ ಹೌದೋ ಅಲ್ಲವೋ ಅನ್ನೋದು ಖಚಿತವಾಗುವುದು ಅಲ್ಲೇ. ಆದರೆ ನೋವಿಲ್ಲ ಅಂತ ಸಮಾಧಾನ ಪಡಬೇಡಿ. ನಾಲ್ಕು ವಾರ ದಾಟಿದ ದನಿ, ಅದರಲ್ಲೂ ಬೀಡಿ ಸೇದುವವರದ್ದು, ನೋಡಿಸಲೇಬೇಕು. ಮೂರನೇ ಆ್ಯಂಟಿಬಯೋಟಿಕ್ ಬೇಡವೇ ಬೇಡ. ಧ್ವನಿತಂತುವಿನ ಕ್ಯಾನ್ಸರ್ ಬೇಗ ಸಿಕ್ಕರೆ ಬರೀ ಲೇಸರ್ ಅಥವಾ ರೇಡಿಯೇಷನ್‌ನಲ್ಲೇ ಹೆಚ್ಚಿನವರಿಗೆ ವಾಸಿಯಾಗುತ್ತದೆ. ಉಸಿರಾಡುವಾಗ ಕರ್ಕಶ ಸದ್ದು ಶುರುವಾದರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ.

ಪ್ರಶ್ನೆ: ಎರಡು ವರ್ಷದ ಮಗಳು ಕಳೆದ ವಾರ ಶೇಂಗಾ ತಿನ್ನುವಾಗ ಉಸಿರು ಕಟ್ಟಿ ಕೆಮ್ಮಿದಳು, ಆಮೇಲೆ ಸರಿಹೋಯಿತು. ಎಕ್ಸ್‌ರೇ ನಾರ್ಮಲ್. ಈಗ ಮತ್ತೆ ಕೆಮ್ಮು ಶುರುವಾಗಿದೆ. ಶೀತ ಇರಬಹುದಾ?

ಉತ್ತರ: ಇರಬಹುದು, ಆದರೆ ಹಾಗಂತ ಕೂರಬೇಡಿ. ಇವತ್ತೇ ಮಕ್ಕಳ ಆಸ್ಪತ್ರೆಗೆ ಹೋಗಿ. ನಾಣ್ಯವಾದರೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ, ಶೇಂಗಾ ಕಾಣುವುದಿಲ್ಲ. ಅದು ಶ್ವಾಸನಾಳದ ಕವಲಿನಲ್ಲಿ ಕೂತರೆ ಮೊದಲು ಒಂದಷ್ಟು ದಿನ ಮಗು ಆರಾಮಾಗಿಯೇ ಇರಬಹುದು. ಆಮೇಲೆ ಕಾಳು ಉಬ್ಬಿ, ಸುತ್ತ ಊತ ಬಂದು, ಕೆಮ್ಮು, ಜ್ವರ, ಒಂದೇ ಕಡೆ ಸುಂಯ್ ಅನ್ನುವ ಸದ್ದು ಶುರುವಾಗುತ್ತದೆ. ಇಂಥ ಕಡೆ ನಾವು ಎಕ್ಸ್‌ರೇಗಿಂತ ತಾಯಿ ಹೇಳುವ ಮಾತನ್ನೇ ಜಾಸ್ತಿ ನಂಬುತ್ತೇವೆ. ಅನುಮಾನ ಬಲವಾಗಿದ್ದರೆ ಅರಿವಳಿಕೆ ಕೊಟ್ಟು ಬ್ರಾಂಕೋಸ್ಕೋಪಿ, ಅಂದರೆ ಶ್ವಾಸನಾಳದೊಳಗೆ ಟ್ಯೂಬು ಬಿಟ್ಟು ನೋಡುವ ಪರೀಕ್ಷೆ, ಮಾಡುತ್ತಾರೆ, ಕಾಳು ಇದ್ದರೆ ಆಗಲೇ ತೆಗೆದೂಬಿಡುತ್ತಾರೆ. ಡಾಕ್ಟರ ಮುಂದೆ ಕೂತ ತಕ್ಷಣ ಮೊದಲು ಶೇಂಗಾ ವಿಷಯ ಹೇಳಿ, ಕೆಮ್ಮಿನ ವಿಷಯ ಆಮೇಲೆ.